ಹಳೇ ಪ್ರಾಣಿ ಪ್ರಿಂಟ್ ಫೋಟೋ ಹಾಕೋರಿಗೆ
ಎಲ್ಲರಿಗೂ ನಮಸ್ಕಾರ. ಈಚೆಗೆ ಗ್ರೂಪಲ್ಲಿ ಹುಲಿ, ಘೇಂಡಾಮೃಗದ ಪ್ರಿಂಟ್ ಹಾಕಿ "ಒರಿಜಿನಲ್ಲಾ ಸರ್" ಅಂತ ಕೇಳೋದು ಜಾಸ್ತಿ ಆಗಿದೆ, ಅದ್ರಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವಿಲಿಯಂ ಜಾರ್ಡಿನ್ ಅವರ 'ನ್ಯಾಚುರಲಿಸ್ಟ್ಸ್ ಲೈಬ್ರರಿ' ಅನ್ನೋ ಪುಸ್ತಕ ಮಾಲೆದೇ, ಹಾಗಾಗಿ ಒಂದ್ಸಲ ಬರೆದುಬಿಡ್ತೀನಿ.

1833ರಿಂದ 1843ರ ತನಕ ಎಡಿನ್‌ಬರಾದಲ್ಲಿ 40 ಸಂಪುಟ ಬಂತು, ಪ್ಲೇಟ್ (ಚಿತ್ರದ ಪುಟ) ಮಾಡಿಸಿದ್ದು ಜಾರ್ಡಿನ್‌ರ ಭಾವಮೈದ, ಚಿತ್ರ ಕೊರೆಯೋ ಕೆಲಸದ ಲಿಜಾರ್ಸ್. ಸ್ಟೀಲಲ್ಲಿ ಕೊರೆದು ಕಪ್ಪು ಗೆರೆ ಅಚ್ಚು ಹಾಕಿ ಆಮೇಲೆ ಕೈಯಲ್ಲೇ ವಾಟರ್‌ಕಲರ್ ಹಚ್ತಿದ್ರು, ಅದೂ ಸಾಮಾನ್ಯವಾಗಿ ಪ್ರಾಣಿಗೆ ಮಾತ್ರ, ಹಿಂದಿನ ಗುಡ್ಡ ಮರ ಎಲ್ಲಾ ಹಾಗೇ ಕಪ್ಪು-ಬಿಳುಪು. ಆಕಾಶ ನೀಲಿ, ಹುಲ್ಲು ಹಸಿರು ಅಂತ ಪೂರ್ತಿ ತುಂಬಿದ್ರೆ ಬಣ್ಣ ಆಮೇಲಿನದು ಅಂತ ಡೌಟ್ ಪಡಿ, ಹೊಳೆಯೋ ಬಣ್ಣಕ್ಕೆ ಮರುಳಾಗ್ಬೇಡಿ.

ಇನ್ನು ಲೂಪ್ (ಕಣ್ಣಿಗೆ ಹಿಡಿಯೋ ಸಣ್ಣ ಭೂತಗನ್ನಡಿ) ಇಟ್ಟು ನೋಡಿ. ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದ್ರೆ ಅದು ಮೆಷಿನ್ ಪ್ರಿಂಟ್, ಮುಗೀತು. ಕೈ ಬಣ್ಣ ಆದ್ರೆ ಗೆರೆ ದಾಟಿ ಆಚೆ ಹರಿದಿರತ್ತೆ, ಕಿವಿ ತುದೀಲೋ ಬಾಲದ ಹತ್ರನೋ ಬ್ರಷ್ ತಪ್ಪಿರೋದು ಕಾಣತ್ತೆ. ಯುವಿ (ಅಲ್ಟ್ರಾವಯಲೆಟ್) ಟಾರ್ಚಲ್ಲಿ ಪೇಪರ್ ನೀಲಿಯಾಗಿ ಝಗ್ ಅಂದ್ರೆ ಅದೂ ಹೊಸ ಕಾಗದನೇ.

ದಯವಿಟ್ಟು ಇನ್ಮೇಲೆ ಫ್ರೇಮಿಂದ ತೆಗೆದು, ಹಿಂದಿನ ಸೈಡು, ಅಂಚು, ಲೂಪಲ್ಲಿ ಒಂದು ಕ್ಲೋಸಪ್ ಹಾಕಿ. ಗ್ಲಾಸ್ ಮೇಲೆ ಟ್ಯೂಬ್‌ಲೈಟ್ ಹೊಡೀತಿರೋ ಫೋಟೋ ನೋಡಿ ರೇಟ್ ಹೇಳಕ್ಕಾಗಲ್ಲ.