ನೂರನೆಯ ಬ್ಲಾಕ್ ಮುಗಿದ ಮೇಲೆ

ನಿನ್ನೆ ನನ್ನ ದಿನಚರಿ ಪುಸ್ತಕದಲ್ಲಿ ನೂರನೆಯ ನರ ಬ್ಲಾಕ್, ಅಂದರೆ ನರದ ಸುತ್ತ ಔಷಧ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸುವ ಅರಿವಳಿಕೆ, ದಾಖಲಾಯಿತು. ನಡುವೆ ಎರಡು ತಿಂಗಳು ಸೂಜಿ ಹಿಡಿಯಲು ಹೆದರಿದ್ದ ಕಥೆ ಆಪ್ತರಿಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ಸಹಪಾಠಿಗಳು, ಥಿಯೇಟರ್ ಸಿಸ್ಟರ್‌ಗಳು, ತಂತ್ರಜ್ಞರು, ಮನೆಯವರು ಎಲ್ಲರಿಗೂ ನಾನು ಋಣಿ.

ನನಗೆ ಈ ಕೆಲಸ ಕಲಿಸಿದ ಮೇಡಂ ಅವರ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾರೆ.

ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೂಪುಗೊಂಡ ಸ್ಕ್ಯಾನ್‌ನ್ಯಾವ್ ಎಂಬ ಅಲ್ಟ್ರಾಸೌಂಡ್ ತಂತ್ರಾಂಶಕ್ಕೆ 2022ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಕ ಎಫ್‌ಡಿಎ ಅನುಮತಿ ಸಿಕ್ಕಾಗ ನನಗೆ ಆ ಸುದ್ದಿ ತಿಳಿಸಿದವರು ಅವರೇ. ಅಲ್ಟ್ರಾಸೌಂಡ್ ಪರದೆಯ ಬೂದು ಮಬ್ಬಿನಲ್ಲಿ ಕಣ್ಣು ಕಟ್ಟಿದಂತಾಗುತ್ತಿದ್ದ ನನಗೆ, ಅಪಧಮನಿ, ನರ, ಪಕ್ಕೆಲುಬುಗಳಿಗೆ ಬಣ್ಣ ತುಂಬಿ ತೋರಿಸುವ ಅದರ ಕೃತಕ ಬುದ್ಧಿಮತ್ತೆ ದೊಡ್ಡ ಆಸರೆಯಾಯಿತು. ಎಲ್ಲಿ ನೋಡಬೇಕೆಂದು ಕಲಿಸಿದ್ದು ಅದು. ಆ ಋಣವೂ ಇದೆ.

ಆದರೆ ಮರೆಯಲಾಗದ ಆ ಒಂದು ರಾತ್ರಿ ಜೊತೆಗಿದ್ದವರು ಮೇಡಂ. ಆಲೆಮನೆಯ ಗಾಣಕ್ಕೆ ಕೈ ಸಿಕ್ಕಿಸಿಕೊಂಡು ಬಂದಿದ್ದ ರೋಗಿಯ ಹೃದಯ ದುರ್ಬಲವಾಗಿತ್ತು. ಪೂರ್ಣ ಅರಿವಳಿಕೆ ಕೊಡಲು ಧೈರ್ಯವಿರಲಿಲ್ಲ. ಕೊರಳೆಲುಬಿನ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಮಿಡಿಯುವ ಅಪಧಮನಿ, ಅದರ ಮಗ್ಗುಲಲ್ಲಿ ದ್ರಾಕ್ಷಿ ಗೊಂಚಲಿನಂತೆ ನರಗಳು, ಎಲ್ಲಕ್ಕೂ ಬಣ್ಣ ಬಂದಿತ್ತು. ಸೂಜಿ ನೂಕುತ್ತಲೇ ಇದ್ದೆ. ಮೇಡಂ ನನ್ನ ಮಣಿಕಟ್ಟು ಹಿಡಿದರು. "ಬಣ್ಣ ತೆಗೆ. ಸೂಜಿಯ ತುದಿ ಎಲ್ಲಿದೆ, ತೋರಿಸು."

ತೋರಿಸಲಾಗಲಿಲ್ಲ. ನಾನು ನೋಡುತ್ತಿದ್ದುದು ಸೂಜಿಯ ಕಾಂಡವನ್ನು. ಕೆಳಗೆ ಶ್ವಾಸಕೋಶದ ಪೊರೆ ಉಸಿರಿನೊಂದಿಗೆ ಜಾರುತ್ತಿತ್ತು.

ಬೈಯಲಿಲ್ಲ. ಸೂಜಿ ಹಿಂದಕ್ಕೆ ಎಳೆಸಿ, ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿಸಿ, ತುದಿ ಮಿಂಚುವವರೆಗೂ ಕಾಯಿಸಿದರು. ಔಷಧ ಇಳಿದಂತೆ ಗೊಂಚಲು ಬಿಡಿಸಿಕೊಂಡಿತು. ಇಪ್ಪತ್ತು ನಿಮಿಷದ ಬಳಿಕ ಮಂಜುಗಡ್ಡೆ ಮುಟ್ಟಿಸಿದರೂ ರೋಗಿಗೆ ತಣ್ಣಗೆನಿಸಲಿಲ್ಲ. ಶಸ್ತ್ರಚಿಕಿತ್ಸೆ ಮುಗಿದದ್ದು ನಸುಕಿಗೆ; ತಮ್ಮ ಪಾಳಿ ಮುಗಿದಿದ್ದರೂ ಮೇಡಂ ಕದಲಲಿಲ್ಲ. ಕೈ ತೊಳೆಯುವ ತೊಟ್ಟಿಯ ಮುಂದೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಇನ್ನೂ ಅರ್ಧ ಸೆಂಟಿಮೀಟರ್ ಹೋಗಿದ್ದರೆ? ಅವರು ನಲ್ಲಿ ನಿಲ್ಲಿಸಿ, ಚಹಾ ಲೋಟ ಕೈಗಿಟ್ಟು, ಪಕ್ಕದಲ್ಲೇ ನಿಂತರು.

ಈಗ ಬಣ್ಣ ಹಾಕುವ ಮೊದಲು ಬೂದು ಚಿತ್ರವನ್ನೇ ಒಂದು ನಿಮಿಷ ನೋಡುತ್ತೇನೆ. ನರಗಳನ್ನು ನಾನೇ ಗುರುತಿಸಿದ ಮೇಲೆಯೇ ಯಂತ್ರವನ್ನು ಕೇಳುತ್ತೇನೆ.

ಕಳೆದ ವಾರ ಆಲೆಮನೆಯ ಆ ರೋಗಿ ಬಂದಿದ್ದರು, ಮೇಡಂ. ಮೂರು ಬೆರಳು ಮಡಿಸಿ ತೋರಿಸಿದರು. ಎರಡು ಅಚ್ಚು ಬೆಲ್ಲ ತಂದಿದ್ದರು. ನಿಮ್ಮ ಪಾಲಿನದು ನನ್ನ ಮೇಜಿನ ಮೇಲಿದೆ.