ರಂಗಮಂದಿರದ ಸ್ಕೆಚ್: ಹಾಕುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಈ ಸಲದ ವಿಷಯ ಗೊತ್ತಲ್ವಾ? ಸ್ಥಳದ ಸಂಸ್ಕೃತಿ, ನೆಲದ ಗುಣ ಎರಡನ್ನೂ ನೋಡಿಕೊಂಡು ಪ್ರದರ್ಶನ ಕಲೆಗಳ ಕೇಂದ್ರ ರೂಪಿಸುವುದು. ಸ್ಕೆಚ್‌ಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲೇ ಹಾಕಿ.

ದಯವಿಟ್ಟು ಗೋಡೆಗೆ ನಾಲ್ಕು ಜನಪದ ಚಿತ್ತಾರ ಬಳಿದು 'ಸ್ಥಳೀಯ ಶೈಲಿ' ಅನ್ನಬೇಡಿ. ತೈವಾನಿನ ಕಾವೋಸಿಯುಂಗ್‌ನಲ್ಲಿರುವ ವೇಯ್‌ವುಯಿಂಗ್ ಕೇಂದ್ರ ನೋಡಿ. ಹಿಂದೆ ಅದು ಸೇನೆಯ ತರಬೇತಿ ಜಾಗ. ಡಚ್ ಸಂಸ್ಥೆ ಮೆಕಾನೂ ವಿನ್ಯಾಸ ಮಾಡಿದ ಕಟ್ಟಡ 2018ರಲ್ಲಿ ತೆರೆಯಿತು. ಅಲ್ಲಿನ ಆಲದ ಮರಗಳೇ ಸ್ಫೂರ್ತಿ. 225 ಮೀಟರ್ ಉದ್ದ, 160 ಮೀಟರ್ ಅಗಲದ ಒಂದೇ ಚಾವಣಿ. ಅದರಡಿ ಸಭಾಂಗಣಗಳು, ನಡುನಡುವೆ ಗಾಳಿಯಾಡುವ ತೆರೆದ ಜಾಗ. ಟಿಕೆಟ್ ಇಲ್ಲದವರೂ ಸುಮ್ನೆ ಬಂದು ನೆರಳಲ್ಲಿ ಕೂರಬಹುದು. ಒಂದು ಕಡೆ ಚಾವಣಿ ನೆಲದವರೆಗೆ ಇಳಿದು ಬಯಲು ರಂಗಮಂದಿರವೇ ಆಗಿದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲೆಡೋನಿಯಾದಲ್ಲಿ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಜಿಬಾವು ಸಾಂಸ್ಕೃತಿಕ ಕೇಂದ್ರವನ್ನೂ (1998) ನೋಡಿ. ಅಲ್ಲಿನ ಮೂಲನಿವಾಸಿ ಕನಾಕ್ ಜನರ ಗುಡಿಸಲಿನ ಜಾಡಿನಲ್ಲಿ ಕಟ್ಟಿದ ಮರದ ಪಟ್ಟಿಗಳ ಸಂದಿಯಿಂದ ಗಾಳಿ ಒಳಬರುತ್ತದೆ.

ನಿಮ್ಮ ಹಾಲ್ ಯಾವ ಕಲೆಗೆ ಎಂದು ಮೊದಲು ಬರೆಯಿರಿ. ಮಾತಿನ ನಾಟಕಕ್ಕೆ ಅನುರಣನ (ಶಬ್ದ ನಿಂತ ಮೇಲೂ ಹಾಲ್‌ನಲ್ಲಿ ಅದರ ಗುಂಗು ಉಳಿಯುವ ಸಮಯ) ಸುಮಾರು 1 ಸೆಕೆಂಡ್ ಸಾಕು. ದೊಡ್ಡ ವಾದ್ಯಮೇಳಕ್ಕೆ 2 ಸೆಕೆಂಡ್ ಹತ್ತಿರ ಬೇಕು. ಎರಡಕ್ಕೂ ಒಂದೇ ಹಾಲ್ ಅಂದರೆ, ಪರದೆ ಇಳಿಸಿ ಧ್ವನಿ ಹೊಂದಿಸುವ ವ್ಯವಸ್ಥೆ ತೋರಿಸಿ.

ನೆಲದ ಇಳಿಜಾರು, ಗಾಳಿಯ ದಿಕ್ಕು ಗುರುತಿಸಿದ ನಕ್ಷೆ ಕಡ್ಡಾಯ. ಬಣ್ಣಬಣ್ಣದ ತ್ರೀಡಿ ಚಿತ್ರ ಆಮೇಲೆ ನೋಡೋಣ.