ಜೆ.ಸಿ. ರೋಡಲ್ಲಿ ಸಿಕ್ಕ ಯಜಮಾನ್ರಿಗೆ ತುಂಬಾ ಥ್ಯಾಂಕ್ಸ್

ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ಕಾರನ್ನ ಮನೇಲೇ ರೆಡಿ ಮಾಡ್ತಾ ಇದೀನಿ, ಟಿಂಕರಿಂಗು ಪೇಂಟಿಂಗು ಎಲ್ಲಾ ಮುಗೀತು, ಹಳೇ ಡೈನಮೋ ತೆಗೆದು ಆಲ್ಟರ್ನೇಟರ್ ಕೂರ್ಸಿದ್ದೂ ಆಯ್ತು, ಆದ್ರೆ ಸೆಲ್ಫ್ ಹೊಡೆದ್ರೆ ಬರೀ ಟಕ್ ಅನ್ನತ್ತೆ ಅಷ್ಟೇ. ಬ್ಯಾಟರಿ ಹೊಸದು, ಸ್ಟಾರ್ಟರ್ ಮೋಟ್ರೂ ಬಿಚ್ಚಿ ರಿಪೇರಿ ಮಾಡ್ಸಿದ್ದೆ, ಕೊನೆಗೆ ಎಲೆಕ್ಟ್ರಿಷಿಯನ್ ಒಬ್ರು ಪೂರ್ತಿ ವೈರಿಂಗೇ ಬದಲಾಯಿಸ್ಬೇಕು ಅಂದ್ಬಿಟ್ರು, ತಲೆ ಕೆಟ್ಟುಹೋಗಿತ್ತು.

ಸ್ಪೇರ್ ಪಾರ್ಟ್ಸ್ ಅಂಗಡೀಲಿ ಪಕ್ಕದಲ್ಲಿ ನಿಂತಿದ್ದ ನೀವು ನನ್ ಗೋಳು ಕೇಳಿ "ಸೆಲ್ಫ್ ಹೊಡ್ದಾಗ ಚೋಕ್ ಕೇಬಲ್ ಮುಟ್ಟಿ ನೋಡಪ್ಪಾ, ಬಿಸಿ ಆಗತ್ತಾ?" ಅಂದ್ರಿ. ಚೋಕ್ ಕೇಬಲ್ ಅಂದ್ರೆ ಗಾಡಿ ಒಳಗಿನ ಚೋಕ್ ಗುಂಡಿಯಿಂದ ಇಂಜಿನ್ನಿನ ಕಾರ್ಬುರೇಟರಿಗೆ ಹೋಗೋ ತೆಳ್ಳನೆ ಲೋಹದ ತಂತಿ. ಮನೆಗೆ ಬಂದು ಮುಟ್ಟಿದ್ರೆ ಕೈ ಸುಡ್ತು! ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರತ್ತಲ್ಲ, ಅದಕ್ಕೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಕೆಳಗೆ ಹೊಸ ಪೇಂಟು ದಪ್ಪಗೆ ಕೂತು ಕರೆಂಟ್ ವಾಪಸ್ ಹೋಗೋಕೆ ದಾರಿನೇ ಇಲ್ದೆ ಆ ತೆಳ್ಳನೆ ಕೇಬಲ್ ಮೂಲಕ ಹರೀತಿತ್ತು. ಬೋಲ್ಟ್ ಬಿಚ್ಚಿ, ಎಮರಿ ಪೇಪರಲ್ಲಿ ತಗಡು ಹೊಳೆಯೋ ತನಕ ಉಜ್ಜಿ ಹೊಸ ಪಟ್ಟಿ ಹಾಕ್ದೆ, ಒಂದೇ ಸೆಲ್ಫಿಗೆ ಸ್ಟಾರ್ಟು!

ಹಿಂದಿನ ಬ್ರೇಕ್ ವೀಲ್ ಸಿಲಿಂಡರ್ ಇನ್ನೂ ಲೀಕ್ ಇದೆ, ಅದೂ ಆಗತ್ತೆ. ನಿಮ್ ಹೆಸ್ರು ಕೇಳೋ ಅಷ್ಟ್ರಲ್ಲಿ ಆಟೋ ಹತ್ತಿಬಿಟ್ರಿ. ಇದನ್ನ ಓದಿದ್ರೆ ಖಂಡಿತ ಹೇಳಿ ಯಜಮಾನ್ರೇ, ಗಾಡಿ ರೋಡಿಗಿಳಿದ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ, ಅಪ್ಪನೂ ನಿಮ್ಮನ್ನ ನೋಡ್ಬೇಕಂತೆ.